ಮೂರೂವರೆ ನಿಮಿಷದ ಸಮಾಧಾನ

ಸಾವು ಕಂಡ ಮನೆಗೆ ಬಂದವರು ಹೊರಡುವಾಗ ಹೇಳುವ ಮಾತು ಒಂದೇ: “ಸಮಾಧಾನ ಮಾಡಿಕೊಳ್ಳಿ.” ಬೇರೆ ಏನನ್ನು ತಾನೆ ಹೇಳಿಯಾರು? ನಾನೂ ಎಷ್ಟೋ ಮನೆಗಳ ಹೊಸ್ತಿಲಲ್ಲಿ ನಿಂತು ಅದನ್ನೇ ಹೇಳಿ ಬಂದವನು. ಕನ್ನಡ ಪಂಡಿತನಾದ್ದರಿಂದ ಆ ಶಬ್ದದ ನಿಷ್ಪತ್ತಿಯನ್ನೂ ತರಗತಿಯಲ್ಲಿ ಬಿಡಿಸಿ ಹೇಳಿದ್ದೇನೆ. ಚೆದುರಿದ್ದನ್ನೆಲ್ಲ ಒಟ್ಟಿಗೆ ತಂದು ಚೆನ್ನಾಗಿ ಇರಿಸುವುದು ಸಮಾಧಾನ. ಮೂರು ವರ್ಷದ ಕೆಳಗೆ ನಮ್ಮ ಮನೆಯವರು ತೀರಿಕೊಂಡಾಗ ಈ ವ್ಯುತ್ಪತ್ತಿ ನನ್ನ ಯಾವ ಉಪಯೋಗಕ್ಕೂ ಬರಲಿಲ್ಲ. ಚೆದುರಿದ್ದು ಕಣ್ಣ ಮುಂದೆಯೇ ಇತ್ತು, ಅದನ್ನು ಒಟ್ಟಿಗೆ ತರುವ ಬಗೆ ತಿಳಿದಿರಲಿಲ್ಲ.

ನಮ್ಮದು ರೇಡಿಯೊ ಮನೆ. ಬೆಳಗಾಗುತ್ತಲೇ ಬಾನುಲಿ ಹಾಕುವುದು, ಆಕೆ ಒಲೆಯ ಮುಂದೆ, ನಾನು ಉತ್ತರಪತ್ರಿಕೆಗಳ ಮುಂದೆ. ಯಾವುದಾದರೊಂದು ಕೃತಿ ಬಂದರೆ ಅಡುಗೆಮನೆಯಿಂದ ಸಾಹಿತ್ಯದ ಅರ್ಧ ಸಾಲು ಇತ್ತ ಬರುತ್ತಿತ್ತು. ಆಕೆ ಹೋದ ಮೇಲೆ ಯಾವ ಕೃತಿಯನ್ನೂ ಕೇಳಲಾರದೆ ಹೋದೆ. ಪಲ್ಲವಿ ಮುಗಿಯುವುದರೊಳಗೆ ಆ ಅರ್ಧ ಸಾಲಿಗಾಗಿ ಕಿವಿ ಕಾಯುತ್ತಿತ್ತು. ಸಂಗೀತದಿಂದ ಶಾಂತಿ ದೊರೆಯುತ್ತದೆಂದು ಹೇಳುವವರು ಈ ತೊಡಕನ್ನು ಗಮನಿಸಿದಂತೆ ಕಾಣೆ. ಬಹಳ ಪ್ರೀತಿಯ ಸಂಗೀತವೇ ದುಃಖದಲ್ಲಿ ಅತ್ಯಂತ ಕಠಿಣವಾಗುವುದುಂಟು.

ಆಗ ಬೆಂಗಳೂರಿನಿಂದ ನೋಡಿಕೊಂಡು ಹೋಗಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, “ಪದ ಇಲ್ಲದ್ದು ಒಂದು ಕೇಳಿ ಸಾರ್, ಹಿಡಿಸದಿದ್ದರೆ ಬಿಟ್ಟುಬಿಡಿ” ಎಂದು ನನ್ನ ಮೊಬೈಲಿಗೆ ಒಂದು ಪಿಯಾನೊ ವಾದನವನ್ನು ಹಾಕಿಕೊಟ್ಟು ಹೋದ. ಬಾಖ್ ಎಂಬ ಜರ್ಮನ್ ವಾಗ್ಗೇಯಕಾರನ ರಚನೆ. ನುಡಿಸಿದವರು ದಿನು ಲಿಪಾಟಿ ಎಂಬ ರುಮೇನಿಯದ ಕಲಾವಿದರು. ಮುದ್ರಣವಾದದ್ದು ೧೯೫೦ರ ಜುಲೈ ತಿಂಗಳಲ್ಲಿ, ಸ್ವಿಟ್ಸರ್ಲೆಂಡಿನ ಜಿನೀವಾ ನಗರದ ಬಾನುಲಿ ನಿಲಯದಲ್ಲಿ. ಅವಧಿ ಸುಮಾರು ಮೂರೂವರೆ ನಿಮಿಷ. ಹಿಂದೆ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತ ಕೇಳಿಬಂದೊಡನೆ ಮುಳ್ಳನ್ನು ತಿರುಗಿಸುತ್ತಿದ್ದ ಮನೆ ನಮ್ಮದು. ಆ ರಾತ್ರಿ ಅದನ್ನು ನಾಲ್ಕು ಸಲ ಕೇಳಿದೆ. ಏತಕ್ಕೆ ಹಿಡಿಸಿತೆಂದು ತಿಳಿಯಲು ಆಮೇಲೆ ಒಂದಷ್ಟು ಓದಿದೆ, ಬಲ್ಲವರನ್ನು ಕೇಳಿದೆ. ಆ ತಿಳಿವಳಿಕೆಯನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಪಿಯಾನೊ ಎಂದರೆ ನಮ್ಮಲ್ಲಿ ಅನೇಕರಿಗೆ ಸಿನಿಮಾದ ನಾಯಕ ವಿರಹದಲ್ಲಿ ಕುಳಿತು ಹಾಡುವ ದೊಡ್ಡ ಕರಿಯ ಮೇಜು. ವಾಸ್ತವವಾಗಿ ಅದು ತಂತಿವಾದ್ಯ. ಒಳಗೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳು ಬಿಗಿದಿರುತ್ತವೆ. ಮುಂದೆ, ನಮ್ಮ ನಾಟಕದ ಹಾರ್ಮೋನಿಯಂ ಮಾಸ್ತರರು ‘ಮನೆ’ ಎನ್ನುವರಲ್ಲ, ಅಂಥ ೮೮ ಮನೆಗಳು, ಬಿಳಿಯವು ೫೨, ಕರಿಯವು ೩೬. ಒಂದು ಮನೆಯನ್ನು ಒತ್ತಿದರೆ ಉಣ್ಣೆಯ ಮೆತ್ತೆ ಕಟ್ಟಿದ ಪುಟ್ಟ ಸುತ್ತಿಗೆಯೊಂದು ಎದ್ದು ತಂತಿಗೆ ಬಡಿದು ಕೂಡಲೇ ಹಿಂದಕ್ಕೆ ಬೀಳುತ್ತದೆ. ೧೭೦೦ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿ ಎಂಬಾತ ಈ ಯಂತ್ರವನ್ನು ಕಲ್ಪಿಸಿದ. (ಮನೆಗಳ ವಾದ್ಯ ನಮ್ಮ ಜಿಲ್ಲೆಗೆ ತೀರ ದೂರದ್ದೆಂದು ಭಾವಿಸಬೇಕಾಗಿಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಟೀಪೂ ಸುಲ್ತಾನನ ಪ್ರಸಿದ್ಧ ಮರದ ಹುಲಿಯ ಹೊಟ್ಟೆಯೊಳಗೆ ಮನೆಗಳನ್ನು ಒತ್ತಿ ನುಡಿಸುವ ಸಣ್ಣ ಆರ್ಗನ್ನೊಂದು ಇದೆ. ಹುಲಿ ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.)

ಹಾರ್ಮೋನಿಯಮ್ಮಿನಲ್ಲಿ ತಿದಿ ಒತ್ತುತ್ತಿರುವಷ್ಟು ಕಾಲವೂ ಸ್ವರ ನಿಲ್ಲುತ್ತದೆ. ಪಿಟೀಲಿನಲ್ಲಿ ಕಮಾನು ಓಡುವವರೆಗೆ, ಕಂಠದಲ್ಲಿ ಉಸಿರಿರುವವರೆಗೆ ನಿಲ್ಲುತ್ತದೆ. ಪಿಯಾನೊದ ಸ್ವರಕ್ಕೆ ಆ ಭಾಗ್ಯವಿಲ್ಲ. ಸುತ್ತಿಗೆ ಬಡಿದ ಮರುಕ್ಷಣದಿಂದಲೇ ಅದು ಕ್ಷೀಣಿಸತೊಡಗುತ್ತದೆ. ಕಾಲಿನ ಪೆಡಲನ್ನು ಮೆಟ್ಟಿದರೆ ಕೊಂಚ ಹೊತ್ತು ಹೆಚ್ಚಾಗಿ ತಂತಿ ಮೊರೆಯುತ್ತದೆ, ಅಷ್ಟೆ. ಹುಟ್ಟಿದ ಸ್ವರವನ್ನು ಬೆಳೆಸುವ ಉಪಾಯ ವಾದಕನಿಗಿಲ್ಲ. ಗಮಕವಂತೂ ಸಾಧ್ಯವೇ ಇಲ್ಲ. ಹೀಗಿರುವಾಗ ರಾಗಧಾರೆ ಕಡಿಯದೆ ಹರಿಯುತ್ತಿದೆಯೆಂಬ ಅನುಭವ ನಮಗಾಗುವುದು ಹೇಗೆ? ಸಾಯುತ್ತಿರುವ ಸ್ವರದ ಬಲ ಎಷ್ಟು ಉಳಿದಿದೆಯೆಂದು ಕಿವಿಗೊಟ್ಟು ತಿಳಿದು, ಮುಂದಿನ ಸ್ವರವನ್ನು ಅಷ್ಟೇ ಬಲದಿಂದ ಎತ್ತಿಕೊಳ್ಳುವುದರಿಂದ. ದೊಡ್ಡ ಪಿಯಾನೊ ವಾದಕರ ಕೈಚಳಕಕ್ಕಿಂತ ಹೆಚ್ಚಿನದು ಈ ಕಿವಿಯ ಎಚ್ಚರ. ಇದನ್ನು ತಿಳಿದ ಮೇಲೆ ಆ ಮೂರೂವರೆ ನಿಮಿಷವನ್ನು ನಾನು ಕೇಳುವ ರೀತಿಯೇ ಬೇರೆಯಾಯಿತು. ಅಲ್ಲಿ ಒಂದೊಂದು ಸ್ವರವೂ ಹೋಗುತ್ತಲೇ ಇದೆ. ಹಾಗಿದ್ದೂ ಹಾಡು ನಿಂತಿಲ್ಲ.

ಇನ್ನು ರಚನೆಯ ವಿಚಾರ. ಯೋಹಾನ್ ಸೆಬಾಸ್ಟಿಯನ್ ಬಾಖ್ ೧೬೮೫ರಲ್ಲಿ ಜರ್ಮನಿಯ ಐಸನಾಖ್ ಊರಿನಲ್ಲಿ ಹುಟ್ಟಿದ. ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ಹೋದಳು, ವರ್ಷ ತಿರುಗುವುದರೊಳಗೆ ತಂದೆಯೂ ಹೋದ. ೧೭೨೦ರಲ್ಲಿ ತನ್ನ ಒಡೆಯನ ಪರಿವಾರದೊಡನೆ ಪರಸ್ಥಳಕ್ಕೆ ಹೋಗಿದ್ದವನು ಮನೆಗೆ ಬಂದಾಗ ಹೆಂಡತಿ ತೀರಿಹೋಗಿ ಅಂತ್ಯಕ್ರಿಯೆಯೂ ಮುಗಿದಿತ್ತು. ಎರಡು ಮದುವೆಯಿಂದ ಆದ ಇಪ್ಪತ್ತು ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಬದುಕಿದವರು ಹತ್ತೇ ಮಂದಿ. ಹೆಂಡತಿ ಹೋದ ಮೂರು ವರ್ಷಕ್ಕೆ, ೧೭೨೩ರಲ್ಲಿ, ಲೈಪ್‌ಜಿಗ್ ನಗರದ ಚರ್ಚುಗಳ ಸಂಗೀತದ ಹೊಣೆ ಹೊತ್ತ ಮೊದಲ ಬೇಸಗೆಯಲ್ಲಿ, ಆರಾಧನೆಗೆಂದು ಹಾಡುಗಾರರಿಗೂ ವಾದ್ಯಮೇಳಕ್ಕೂ ಒಂದು ದೀರ್ಘ ಕೃತಿಯನ್ನು ಒದಗಿಸಿದ. ಅದರ ನಡುವೆ ಒಮ್ಮೆ, ಕೊನೆಗೆ ಒಮ್ಮೆ ಬರುವ ಭಕ್ತಿಗೀತೆಯೇ ನಮ್ಮ ವಿಷಯ. ಅದನ್ನು ಒಂಟಿ ಪಿಯಾನೊಗೆ ಹೊಂದಿಸಿ ೧೯೨೬ರಲ್ಲಿ ಪ್ರಕಟಿಸಿದವರು ಮೈರಾ ಹೆಸ್ ಎಂಬ ಇಂಗ್ಲಿಷ್ ಕಲಾವಿದೆ.

ನಮ್ಮ ಸಂಗೀತದಲ್ಲಿ ಶ್ರುತಿಯ ಮೇಲೆ ನಡೆಯುವುದು ಒಂದು ರಾಗಧಾರೆ. ಜೊತೆಯ ಪಿಟೀಲು ಕೂಡ ಅದನ್ನೇ ಅನುಸರಿಸುತ್ತದೆ. ಅವರಲ್ಲಾದರೋ ಒಂದೇ ಹೊತ್ತಿಗೆ ಎರಡು, ಮೂರು, ನಾಲ್ಕು ಧಾರೆಗಳು ಬೇರೆ ಬೇರೆ ಮಾತಾಡುತ್ತ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಇದು ಹೊಸಬರ ಕಿವಿಗೆ ಮೊದಲು ಗಲಿಬಿಲಿ. ದೊಡ್ಡಬಳ್ಳಾಪುರದವನಾದ ನನಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಲಿಲ್ಲ. ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗ. ಮಗ್ಗದಲ್ಲಿ ಹಾಸು ಬಿಗಿಯಾಗಿ ನಿಂತಿರುತ್ತದೆ. ಹೊಕ್ಕಿನ ಎಳೆ ಹೊತ್ತ ಲಾಳಿ ಅತ್ತಿಂದಿತ್ತ ಓಡುತ್ತದೆ. ಎರಡರಲ್ಲಿ ಯಾವುದೊಂದೂ ಸೀರೆಯಲ್ಲ. ಬಾಖ್‌ನ ಈ ರಚನೆಯಲ್ಲಿ ಆ ಹಳೆಯ ಭಕ್ತಿಗೀತೆಯ ಮಟ್ಟು ಹಾಸಿನಂತೆ: ನಿಧಾನ, ನೇರ, ಯಾರು ಬೇಕಾದರೂ ಗುನುಗಬಹುದಾದದ್ದು. ಅದರ ಮೇಲೆ ಕೆಳಗೆ ಲಾಳಿಯಂತೆ ಇನ್ನೊಂದು ಧಾರೆ ಮೂರು ಮೂರರ ಗುಂಪಿನಲ್ಲಿ, ನಮ್ಮ ತಿಶ್ರ ನಡೆಯಲ್ಲಿ, ಬಿಡುವಿಲ್ಲದೆ ಹರಿದಾಡುತ್ತದೆ. ಸ್ವರಗಳು ನಮ್ಮ ಧೀರಶಂಕರಾಭರಣ ಮೇಳದವೇ. ಗಮಕವಿಲ್ಲದ ಶಂಕರಾಭರಣವೆಂದರೆ ಉಪ್ಪಿಲ್ಲದ ಸಾರೆಂದು ಸಂಗೀತ ಬಲ್ಲ ಸ್ನೇಹಿತರು ಹಾಸ್ಯ ಮಾಡಿದರು. ಇಂಗ್ಲಿಷರ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅದೇ ಶಂಕರಾಭರಣದಲ್ಲಿ ನೊಟ್ಟುಸ್ವರಗಳನ್ನು ರಚಿಸಿದವರು ಸಾಕ್ಷಾತ್ ಮುತ್ತುಸ್ವಾಮಿ ದೀಕ್ಷಿತರೆಂದು ಜ್ಞಾಪಿಸಿದೆ, ಸುಮ್ಮನಾದರು.

ಕೇಳುವ ಕ್ರಮ ಹೀಗೆ. ಮೊದಲು ಲಾಳಿಯ ಧಾರೆ ಮಾತ್ರ ಬರುತ್ತದೆ. ಅರ್ಧ ನಿಮಿಷ ತುಂಬುವ ಮೊದಲೇ ಆ ಹರಿವಿನ ಒಳಗಿನಿಂದ ಭಕ್ತಿಗೀತೆಯ ಮೊದಲ ಸಾಲು ಮೇಲೇಳುತ್ತದೆ. ಸಾಲು ಮುಗಿದು ಸುಮ್ಮನಾದರೂ ಧಾರೆ ನಿಲ್ಲುವುದಿಲ್ಲ. ಮುಂದಿನ ಸಾಲಿಗೆ ಕಾದು, ಬಂದಾಗ ದಾರಿ ಬಿಟ್ಟುಕೊಡುತ್ತದೆ. ನಡುವೆ ಒಂದೆಡೆ ಬಣ್ಣ ಕಂದುತ್ತದೆ, ಮೋಡ ಕವಿದ ಹಾಗೆ. ಅಲ್ಲಿ ಅಳು ಬರಬಹುದು, ಬಂದರೆ ಬರಲಿ. ಕಡೆಗೆ ಮೊದಲ ಧಾರೆಯೇ ಮರಳಿ ಬಂದು, ಏನೂ ಆಗಿಲ್ಲವೆಂಬಂತೆ ಅಲ್ಲ, ಎಲ್ಲ ಆದ ಮೇಲೂ ಎಂಬಂತೆ ನಿಲ್ಲುತ್ತದೆ. ಲಿಪಾಟಿ ಇದನ್ನು ಎಲ್ಲಿಯೂ ಒತ್ತಿ ಹೇಳುವುದಿಲ್ಲ. ಅದೇ ರಚನೆಯನ್ನು ಬೇರೆ ಕೆಲವರು ನುಡಿಸಿದ್ದನ್ನೂ ಕೇಳಿದ್ದೇನೆ. ಅವರು ನನ್ನನ್ನು ಅಳಿಸಬೇಕೆಂದು ಹೊರಟಂತೆ ತೋರಿತು. ಈತ ಪಕ್ಕದಲ್ಲಿ ಕುಳಿತವರಂತೆ ನುಡಿಸುತ್ತಾರೆ.

ಆ ಗೀತೆ ಕ್ರೈಸ್ತರದಲ್ಲವೆ, ನಮಗೇಕೆಂದು ಕೇಳಿದವರೂ ಇದ್ದಾರೆ. ಪಿಯಾನೊದಲ್ಲಿ ಪದಗಳಿಲ್ಲವೆಂಬುದು ಒಂದು ಉತ್ತರ. ಇನ್ನೊಂದು ಉತ್ತರ ನನ್ನ ಮೇಜಿನ ಮೇಲೆಯೇ ಇದೆ: ಕಿಟ್ಟೆಲ್ ಸಾಹೇಬರ ಕೋಶ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಚ್ಚುಕೂಟ, ಹೆಂಚಿನ ಕಾರ್ಖಾನೆ, ನಿಘಂಟುಗಳ ಜೊತೆಗೆ ಇಂಥ ಜರ್ಮನ್ ಭಕ್ತಿಗೀತೆಗಳ ಮಟ್ಟುಗಳನ್ನೂ ತಂದರು. ಆ ಮಟ್ಟುಗಳಲ್ಲಿ ಕನ್ನಡ ಪದಗಳನ್ನು ಹಾಡಿದ ಸಭೆಗಳು ನಮ್ಮ ಕರಾವಳಿಯಲ್ಲೂ ಧಾರವಾಡದ ಕಡೆಗೂ ಇದ್ದವು. ಕನ್ನಡಕ್ಕೆ ಈ ಸಂಗೀತ ತೀರ ಹೊರಗಿನದೆಂದು ಹೇಳುವ ಹಾಗಿಲ್ಲ.

ಮೈರಾ ಹೆಸ್ ಅವರ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದೊಡನೆ ಲಂಡನ್ನಿನ ಸಂಗೀತ ಸಭಾಂಗಣಗಳು ಮುಚ್ಚಿದವು. ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಬಾಂಬಿನ ಭಯದಿಂದ ಹೊರಗೆ ಸಾಗಿಸಿದ್ದರು, ಗೋಡೆಗಳು ಬರಿದಾಗಿದ್ದವು. ಅಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಚೇರಿ ನಡೆಸುವುದಾಗಿ ಆಕೆ ಮುಂದೆ ಬಂದರು. ಪ್ರವೇಶಕ್ಕೆ ಒಂದು ಶಿಲ್ಲಿಂಗು. ಅಕ್ಟೋಬರ್ ೧೦ರಂದು ಮೊದಲ ದಿನ ಆಕೆಯೇ ನುಡಿಸಿದರು. ಅಂದಿನಿಂದ ೧೯೪೬ರ ಏಪ್ರಿಲ್ ವರೆಗೆ ೧,೬೯೮ ಕಚೇರಿಗಳಾದವು, ಕೇಳಿದವರ ಸಂಖ್ಯೆ ಎಂಟು ಲಕ್ಷವನ್ನು ಮೀರಿತು. ಬಾಂಬು ಬೀಳುತ್ತಿದ್ದ ತಿಂಗಳುಗಳಲ್ಲಿ ನೆಲಮಾಳಿಗೆಗೆ ಇಳಿದು ನುಡಿಸಿದರು. ಗಮನಿಸತಕ್ಕ ಸಂಗತಿಯೆಂದರೆ ಅಲ್ಲಿ ನುಡಿಸಿದ್ದರಲ್ಲಿ ಬಹು ಭಾಗ ಬಾಖ್, ಬೀಥೋವನ್, ಷೂಬರ್ಟ್, ಬ್ರಾಮ್ಸ್, ಅಂದರೆ ಜರ್ಮನ್ ನುಡಿಯವರ ಸಂಗೀತ. ಮೇಲಿನಿಂದ ಬಾಂಬು ಹಾಕುತ್ತಿದ್ದವರೂ ಅದೇ ನುಡಿಯವರು. ಅವರ ಸಂಗೀತ ನಮಗೆ ಬೇಡವೆಂದು ಆಕೆ ಹೇಳಲಿಲ್ಲ, ಕೇಳಲು ಸಾಲು ನಿಂತವರೂ ಹೇಳಲಿಲ್ಲ.

ಲಿಪಾಟಿಯವರ ಕಥೆ ಇದಕ್ಕಿಂತ ಚಿಕ್ಕದು. ೧೯೧೭ರಲ್ಲಿ ಬುಕಾರೆಸ್ಟಿನಲ್ಲಿ ಹುಟ್ಟಿದ ಅವರಿಗೆ ಮೂವತ್ತರ ಆಸುಪಾಸಿನಲ್ಲೇ ದುಗ್ಧಗ್ರಂಥಿಗಳ ಅರ್ಬುದ ರೋಗ ಕಾಣಿಸಿತು. ೧೯೫೦ರ ಬೇಸಗೆಯಲ್ಲಿ ಆಗಷ್ಟೇ ಬಂದಿದ್ದ ಕಾರ್ಟಿಸೋನ್ ಎಂಬ ಔಷಧದಿಂದ ಕೆಲವು ವಾರ ಚೇತರಿಕೆ ದೊರೆಯಿತು. ಅವರು ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಗ್ರಾಮಾಫೋನ್ ಕಂಪೆನಿಯವರೇ ಯಂತ್ರಗಳನ್ನು ಜಿನೀವಾಕ್ಕೆ ಕೊಂಡೊಯ್ದರು. ಆ ಜುಲೈ ತಿಂಗಳ ಕೆಲವೇ ದಿನಗಳ ಫಲ ನಾನು ಕೇಳಿದ ಮೂರೂವರೆ ನಿಮಿಷ. ಸೆಪ್ಟೆಂಬರ್ ೧೬ರಂದು ಫ್ರಾನ್ಸಿನ ಬೆಜಾನ್ಸಾನ್ ಊರಿನಲ್ಲಿ ಕಡೆಯ ಕಚೇರಿ. ವೈದ್ಯರು ಬೇಡವೆಂದರೂ ಒಪ್ಪಿಕೊಂಡ ಮಾತಿಗೆ ತಪ್ಪಬಾರದೆಂದು ಹೋದರು. ಹದಿನಾಲ್ಕು ವಾಲ್ಟ್ಸ್‌ಗಳಲ್ಲಿ ಹದಿಮೂರನ್ನು ನುಡಿಸುವಷ್ಟರಲ್ಲಿ ಶಕ್ತಿ ಮುಗಿಯಿತು. ಕೊಂಚ ಸುಧಾರಿಸಿಕೊಂಡು, ಉಳಿದ ಒಂದರ ಬದಲಿಗೆ ಬಾಖ್‌ನ ಇದೇ ಭಕ್ತಿಗೀತೆಯನ್ನು ನುಡಿಸಿ ಎದ್ದರು. ಬಾನುಲಿಯವರು ಆ ಕಚೇರಿಯನ್ನು ಮುದ್ರಿಸಿಕೊಂಡದ್ದು ಉಳಿದಿದೆ. ಕಡೆಯ ಆ ಗೀತೆ ಮಾತ್ರ ಆ ಮುದ್ರಿಕೆಯಲ್ಲಿಲ್ಲ. ಡಿಸೆಂಬರ್ ೨ರಂದು, ಮೂವತ್ತಮೂರರ ವಯಸ್ಸಿನಲ್ಲಿ, ತೀರಿಕೊಂಡರು.

ಜಿನೀವಾದಲ್ಲಿ ಮುದ್ರಣದ ಮೇಲ್ವಿಚಾರಣೆ ಮಾಡಿದವರು ವಾಲ್ಟರ್ ಲೆಗ್. ಈ ಹೆಸರನ್ನು ಹಿಡಿದು ಹೊರಟರೆ ನಾವು ನೇರವಾಗಿ ಮೈಸೂರಿಗೆ ಬಂದು ಸೇರುತ್ತೇವೆ. ಲೆಗ್ ೧೯೪೫ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯ ಎಂಬ ವಾದ್ಯಮೇಳವನ್ನು ಕಟ್ಟಿದಾಗ ಅದರ ಆರಂಭದ ಕಷ್ಟದ ದಿನಗಳಲ್ಲಿ ಹಣವಿತ್ತು ನಡೆಸಿದವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಆ ಮೇಳದ ಕಚೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಅವರೇ. ‘ಶ್ರೀವಿದ್ಯಾ’ ಅಂಕಿತದ ೯೪ ಕೃತಿಗಳ ಕರ್ತೃವೆಂದು ಬಾನುಲಿ ಕೇಳುವವರೆಲ್ಲ ಅವರನ್ನು ಬಲ್ಲರು. ಅದಕ್ಕೂ ಮೊದಲು ಅವರು ಪಿಯಾನೊ ವಾದಕರಾಗಿದ್ದರೆಂಬುದು ಅಷ್ಟು ಪ್ರಚಾರದಲ್ಲಿಲ್ಲ. ಅರಮನೆಯಲ್ಲಿ ಆಗ ಪಾಶ್ಚಾತ್ಯ ಬ್ಯಾಂಡಿತ್ತು, ಅದನ್ನು ನಡೆಸಲು ಒಟ್ಟೊ ಷ್ಮಿಟ್ ಎಂಬ ಜರ್ಮನ್ ವಿದ್ವಾಂಸರಿದ್ದರು. ಅರಸು ಮಕ್ಕಳಿಗೆ ಎರಡೂ ಸಂಗೀತಗಳ ಪಾಠವಾಗುತ್ತಿತ್ತು. ಒಡೆಯರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು. ಕಚೇರಿ ಕಲಾವಿದರಾಗಬೇಕೆಂಬ ಆಸೆ ಅವರಿಗಿತ್ತು. ೧೯೪೦ ಅದನ್ನು ಮುಗಿಸಿತು. ಆ ವರ್ಷ ಮಾರ್ಚಿಯಲ್ಲಿ ತಂದೆ ಯುವರಾಜರು ಹೋದರು, ಆಗಸ್ಟ್ ೩ರಂದು ದೊಡ್ಡಪ್ಪನವರಾದ ನಾಲ್ವಡಿಯವರು ಹೋದರು. ಇಪ್ಪತ್ತೊಂದು ವರ್ಷದ ಹುಡುಗ ಸಿಂಹಾಸನ ಏರಬೇಕಾಯಿತು. ಕಚೇರಿಯ ಪೀಠ ಎಂದೆಂದಿಗೂ ತಪ್ಪಿತು.

ಅಂಥವರಿಗೆ ಉಳಿದದ್ದು ಧ್ವನಿಮುದ್ರಿಕೆಗಳು. ಸಾವಿರಗಟ್ಟಲೆ ಪ್ಲೇಟುಗಳನ್ನು ಸಂಗ್ರಹಿಸಿದರು. ಆಗಿನ ಪ್ಲೇಟು ನಿಮಿಷಕ್ಕೆ ೭೮ ಸುತ್ತು ತಿರುಗತಕ್ಕದ್ದು. ದೊಡ್ಡ ಪ್ಲೇಟಾದರೂ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಹಿಡಿದರೆ ಹೆಚ್ಚು. ಅದರ ಮೂಲವಸ್ತು ನಮ್ಮ ದೇಶದ ಮರಗಳ ಮೇಲಿನ ಹುಳುಗಳಿಂದ ಬರುವ ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿದ ಅದೇ ಅರಗಿನ ಮೇಲೆ ಬಾಖ್ ಮತ್ತು ಬೀಥೋವನ್‌ರನ್ನು ಕೊರೆದು ಕಳಿಸುತ್ತಿದ್ದರೆಂಬುದು ಪಂಡಿತರಿಗೆ ಮೆಲುಕು ಹಾಕಲು ತಕ್ಕ ವಿಷಯ.

ಆ ಕಾಲಕ್ಕೆ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ವಾಗ್ಗೇಯಕಾರರು ಬಡತನದಲ್ಲೂ ಹೃದಯರೋಗದಲ್ಲೂ ದಿನ ನೂಕುತ್ತಿದ್ದರು. ಮಾಸ್ಕೋದಲ್ಲಿ ಹುಟ್ಟಿದವರು, ಮನೆತನ ಜರ್ಮನ್ ಮೂಲದ್ದು. ಬೀಥೋವನ್ ಅವರ ಆರಾಧ್ಯ, ಗಯಟೆಯ ಕವಿತೆಗಳಿಗೆ ಸ್ವರ ಹಾಕಿದವರು. ಲೋಕ ಅವರನ್ನು ಬಹುಮಟ್ಟಿಗೆ ಮರೆತಿತ್ತು. ಅವರ ರಚನೆಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸುವ ಖರ್ಚನ್ನು ಒಡೆಯರು ವಹಿಸಿಕೊಂಡರು. ೧೯೪೦ರ ದಶಕದ ಕೊನೆಯ ವರ್ಷಗಳಲ್ಲಿ ಈ ಪ್ಲೇಟುಗಳು ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಹೊರಬಂದವು. ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ೧೯೫೧ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ಮುದ್ರಿಕೆಗಳಿಲ್ಲದಿದ್ದರೆ ಆ ಬೆರಳುಗಳ ನಾದದಲ್ಲಿ ಬಹಳ ಪಾಲು ಅವರೊಡನೆಯೇ ಹೋಗುತ್ತಿತ್ತು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನ ರಚಿಸಿದ ನಾಲ್ಕು ಗೀತೆಗಳು ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ಮೊದಲ ಸಲ ಹಾಡಲ್ಪಟ್ಟಾಗಲೂ ಅದಕ್ಕೆ ಒತ್ತಾಸೆಯಾಗಿ ನಿಂತು, ತಮಗೋಸ್ಕರ ಮುದ್ರಿಸಿಕೊಂಡವರು ಒಡೆಯರೇ. ಆಗ ಅವರು ಮೈಸೂರಿನ ರಾಜಪ್ರಮುಖರು. ತಾವು ಹೋಗಿ ಕೂಡಲಾರದ ಕಚೇರಿಯನ್ನು ಅರಗಿನ ತಟ್ಟೆಯಲ್ಲಿ ಮೈಸೂರಿಗೆ ತರಿಸಿಕೊಂಡು ಕೇಳಿದರೆಂದು ಓದಿದಾಗ, ನನ್ನ ಕೈಯ ಮೊಬೈಲನ್ನು ನೋಡಿಕೊಂಡೆ. ಅರಸರಿಗೆ ಅಷ್ಟು ವೆಚ್ಚದಿಂದ ದೊರೆತದ್ದು ದೊಡ್ಡಬಳ್ಳಾಪುರದ ಮೇಷ್ಟ್ರಿಗೆ ಶಿಷ್ಯನ ಕೃಪೆಯಿಂದ ಪುಕ್ಕಟೆ ಬಂದಿತ್ತು.

ಕರುಣವೇ ಮೂಲರಸ, ಉಳಿದವೆಲ್ಲ ಅದರ ಬೇರೆ ಬೇರೆ ರೂಪಗಳೆಂಬುದು ಭವಭೂತಿಯ ಮತ. ಅದನ್ನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಆದರೆ ಕಾವ್ಯದ ಕರುಣಕ್ಕೆ ಸೀತೆ ಬೇಕು, ರಾಮ ಬೇಕು, ಕಾಡು ಬೇಕು. ಈ ವಾದನದಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ್ದರಿಂದ ನಮ್ಮ ದುಃಖ ಅಲ್ಲಿ ಹೋಗಿ ಕೂರಲು ಜಾಗವಿದೆ. ಇದು ನನ್ನ ಅನುಭವ, ಶಾಸ್ತ್ರವಲ್ಲ. ನಮ್ಮವರ ವೀಣೆಯಲ್ಲಿ ಇದೇ ಶಾಂತಿಯನ್ನು ಕಾಣುವವರು ಧಾರಾಳವಾಗಿ ಅಲ್ಲಿಯೇ ಕಾಣಲಿ. ಆರು ತಿಂಗಳಾದ ಮೇಲೆ ನಾನೂ ಬೆಳಗಿನ ಬಾನುಲಿಗೆ ಮರಳಿದೆ. ಈಗ ಕೃತಿ ಬಂದಾಗ ಆ ಅರ್ಧ ಸಾಲನ್ನು ನಾನೇ ಹೇಳಿಕೊಳ್ಳುತ್ತೇನೆ.

ಹೊಸದಾಗಿ ಕೇಳುವವರಿಗೆ ಒಂದು ಸೂಚನೆ. ಕೆಲಸ ಮಾಡುತ್ತ ಕೇಳಬೇಡಿ; ಮೂರೂವರೆ ನಿಮಿಷ ತಾನೆ. ಮೊದಲ ಸಲ ಲಾಳಿಯ ಧಾರೆಯನ್ನು ಮಾತ್ರ ಹಿಡಿಯಿರಿ, ಎರಡನೆಯ ಸಲ ಹಾಸನ್ನು, ಮೂರನೆಯ ಸಲ ಎಡಗೈಯ ಕೆಳಸ್ವರಗಳನ್ನು. ಸದ್ದಿಲ್ಲದ ಹೊತ್ತು ಬೇಕು. ನಮ್ಮ ಬೀದಿಯಲ್ಲಿ ಅದು ಸಿಗುವುದು ಕರೆಂಟು ಹೋಗಿ ಮಗ್ಗಗಳೆಲ್ಲ ಒಟ್ಟಿಗೆ ನಿಂತಾಗ. ಕಳೆದ ತಿಂಗಳು ಹಾಗೆ ನಿಂತ ಒಂದು ಸಂಜೆ ಕಿಟಕಿಯ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಎದುರು ಮನೆಯ ನೇಕಾರರು, ಜಗಲಿಗೆ ಬಂದು ಬೀಡಿ ಹಚ್ಚಿದವರು, ಮುಗಿಯುವವರೆಗೆ ಮಾತಾಡದೆ ಕುಳಿತಿದ್ದು, “ಯಾವ ಹಾಡು ಮೇಷ್ಟ್ರೇ ಅದು? ಕರೆಂಟು ಬರೋದರೊಳಗೆ ಇನ್ನೊಂದು ಸಲ ಹಾಕಿ” ಎಂದರು. ಹಾಕಿದೆ. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಮಗ್ಗಗಳು ಶುರುವಾದವು.